ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ನಂತರದ ನಿದ್ರೆ

ಸವೆದ ಮೊಣಕಾಲಿನ ಕೀಲನ್ನು ತೆಗೆದು ಲೋಹ ಮತ್ತು ಪಾಲಿಥೀನ್‌ನ ಕೃತಕ ಕೀಲನ್ನು ಅಳವಡಿಸಿಕೊಂಡ ರೋಗಿಗಳಲ್ಲಿ ನಿದ್ರೆಯ ಅವಧಿ, ಆಳ ಮತ್ತು ನಿರಂತರತೆ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಕುಗ್ಗುತ್ತದೆ. ಇದನ್ನು ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ನಂತರದ ನಿದ್ರಾಭಂಗ ಎನ್ನಲಾಗುತ್ತದೆ. ನಿದ್ರೆ ಕೆಟ್ಟರೆ ನೋವಿನ ತೀವ್ರತೆ ಹೆಚ್ಚುತ್ತದೆ, ನೋವು ಹೆಚ್ಚಿದರೆ ವ್ಯಾಯಾಮ ಕಡಿಮೆಯಾಗುತ್ತದೆ, ಮೊದಲ ವಾರಗಳಲ್ಲಿ ವ್ಯಾಯಾಮ ತಪ್ಪಿದರೆ ಕೀಲು ಬಿಗಿಯಾಗುತ್ತದೆ. ಆದ್ದರಿಂದ ಇದು ಕೇವಲ ಅಸೌಖ್ಯದ ವಿಷಯವಾಗಿರದೆ ಶಸ್ತ್ರಚಿಕಿತ್ಸೆಯ ಫಲಿತಾಂಶಕ್ಕೂ ಸಂಬಂಧಿಸಿದೆ. ರೋಗಿಯನ್ನು ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುವುದು ಇಂದಿನ ರೂಢಿ. ಹೀಗಾಗಿ ನಿದ್ರೆಗೆಟ್ಟ ರಾತ್ರಿಗಳಲ್ಲಿ ಹೆಚ್ಚಿನವು ಆಸ್ಪತ್ರೆಯಲ್ಲಿ ಅಲ್ಲ, ಮನೆಯಲ್ಲಿಯೇ ಕಳೆಯುತ್ತವೆ. ದಕ್ಷಿಣ ಕನ್ನಡ ಜಿಲ್ಲೆಯ ಗುರುವಾಯನಕೆರೆಯಂತಹ, ದೊಡ್ಡ ಆಸ್ಪತ್ರೆಗಳಿಂದ ದೂರವಿರುವ ಊರುಗಳಲ್ಲಿ ಈ ಅಂಶಕ್ಕೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಮಂಡಿಯ ಅಸ್ಥಿಸಂಧಿವಾತವು ವಯಸ್ಸಾದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುವ ಕಾಯಿಲೆ. ಕೀಲಿನ ಮೃದ್ವಸ್ಥಿ ಸವೆದು ಮೂಳೆಗೆ ಮೂಳೆ ತಾಗುವ ಹಂತದಲ್ಲಿ ಔಷಧ, ವ್ಯಾಯಾಮ, ತೂಕ ಇಳಿಕೆಗಳಿಂದ ಪ್ರಯೋಜನವಾಗದಿದ್ದರೆ ಕೀಲು ಬದಲಾವಣೆಯನ್ನು ಸೂಚಿಸಲಾಗುತ್ತದೆ. 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಚಿತ್ತರಂಜನ್ ರಾಣಾವತ್ ಮತ್ತು ಪೀಟರ್ ವಾಕರ್ ಇವರು ರೂಪಿಸಿದ ‘ಟೋಟಲ್ ಕಾಂಡೈಲರ್’ ಕೀಲು ಇಂದಿನ ವಿನ್ಯಾಸಗಳಿಗೆ ತಳಹದಿಯಾಯಿತು. ಭಾರತ ಮೂಲದವರಾದ ರಾಣಾವತ್ ಅವರೇ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎಡ ಮಂಡಿಗೆ 2000ರ ಅಕ್ಟೋಬರ್‌ನಲ್ಲಿ, ಬಲ ಮಂಡಿಗೆ 2001ರ ಜೂನ್‌ನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಸಿದರು. ಭಾರತದ ಪತ್ರಿಕೆಗಳ ಓದುಗರಿಗೆ ಈ ಚಿಕಿತ್ಸೆಯ ಹೆಸರು ಪರಿಚಿತವಾದದ್ದು ಬಹುಮಟ್ಟಿಗೆ ಆಗಲೇ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರವು ಮಂಡಿಯ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆ ನಿಗದಿಪಡಿಸಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಹೊರತುಪಡಿಸಿ 54,720 ರೂಪಾಯಿ ಮಿತಿಯಾಯಿತು.

ಶಸ್ತ್ರಚಿಕಿತ್ಸೆಗೆ ಒಪ್ಪುವಂತೆ ಮಾಡುವ ಕಾರಣಗಳಲ್ಲಿ ರಾತ್ರಿಯ ನೋವು ಮುಖ್ಯವಾದುದು. ಹಗಲಿನಲ್ಲಿ ನಡಿಗೆಯನ್ನು ಕಡಿಮೆ ಮಾಡಿ, ಮೆಟ್ಟಿಲನ್ನು ತಪ್ಪಿಸಿ ನೋವಿನೊಡನೆ ಹೊಂದಿಕೊಂಡವರು ಕೂಡ ಮಲಗಿದಾಗಲೂ ಮಂಡಿ ಸಿಡಿಯತೊಡಗಿದರೆ ವೈದ್ಯರ ಬಳಿಗೆ ಬರುತ್ತಾರೆ. ಮಂಡಿಯ ಸ್ಥಿತಿಯನ್ನು ಅಳೆಯಲು ವಿಶ್ವದಾದ್ಯಂತ ಬಳಸುವ ವೋಮ್ಯಾಕ್ ಮತ್ತು ಆಕ್ಸ್‌ಫರ್ಡ್ ಪ್ರಶ್ನಾವಳಿಗಳೆರಡರಲ್ಲಿಯೂ ರಾತ್ರಿ ಹಾಸಿಗೆಯಲ್ಲಿನ ನೋವಿನ ಕುರಿತು ಪ್ರತ್ಯೇಕ ಪ್ರಶ್ನೆಯಿದೆ. ಹೀಗೆ ನೆಮ್ಮದಿಯ ನಿದ್ರೆಯನ್ನು ನಿರೀಕ್ಷಿಸಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಮೊದಲ ತಿಂಗಳಿನಲ್ಲಿ ನಿದ್ರೆ ಹಿಂದಿಗಿಂತಲೂ ಕೆಡುವುದು ಅನಿರೀಕ್ಷಿತ ಆಘಾತವಾಗುತ್ತದೆ. ಚಿಕಿತ್ಸೆ ವಿಫಲವಾಯಿತೆಂಬ ಶಂಕೆ ಹುಟ್ಟುವುದೂ ಇಲ್ಲಿಯೇ. ಮುಂಚಿತವಾಗಿ ತಿಳಿಸಿದ್ದಲ್ಲಿ ಈ ಶಂಕೆಯ ಬಹುಭಾಗ ನಿವಾರಣೆಯಾಗುತ್ತದೆ.

ನಿದ್ರೆಯಲ್ಲಿ ಆಗುವ ಬದಲಾವಣೆ

ಆರೋಗ್ಯವಂತರ ನಿದ್ರೆಯು ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಸಾಗುತ್ತದೆ. ಪ್ರತಿ ಆವರ್ತದಲ್ಲಿ ಹಗುರ ನಿದ್ರೆ, ಗಾಢ ನಿದ್ರೆ ಮತ್ತು ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ, ಕನಸುಗಳು ಹೆಚ್ಚಾಗಿ ಬೀಳುವ ‘ರೆಮ್’ ನಿದ್ರೆ ಎಂಬ ಹಂತಗಳಿವೆ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ ಮೊದಲ ರಾತ್ರಿಗಳಲ್ಲಿ ಗಾಢ ನಿದ್ರೆ ಹಾಗೂ ರೆಮ್ ನಿದ್ರೆ ತೀವ್ರವಾಗಿ ಕುಗ್ಗಿ, ತುಂಡು ತುಂಡಾದ ಹಗುರ ನಿದ್ರೆಯಷ್ಟೇ ಉಳಿಯುತ್ತದೆ. ಡೆನ್ಮಾರ್ಕಿನ ಲೆನೆ ಕ್ರೆಂಕ್, ಹೆನ್ರಿಕ್ ಕೆಹ್ಲೆಟ್ ಮತ್ತು ಸಂಗಡಿಗರು ಶೀಘ್ರ ಚೇತರಿಕೆ ಪದ್ಧತಿಯಲ್ಲಿ ಸೊಂಟ ಅಥವಾ ಮಂಡಿಯ ಕೀಲು ಬದಲಿಸಿಕೊಂಡ ಹಿರಿಯರ ಮಿದುಳಿನ ಅಲೆಗಳನ್ನು ದಾಖಲಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಅದರ ಪ್ರಕಾರ ಶಸ್ತ್ರಚಿಕಿತ್ಸೆಯ ನಂತರದ ಮೊದಲ ರಾತ್ರಿ ರೆಮ್ ನಿದ್ರೆ ಹೆಚ್ಚುಕಡಿಮೆ ಪೂರ್ಣವಾಗಿ ಮಾಯವಾಗಿತ್ತು. ನಾಲ್ಕನೆಯ ರಾತ್ರಿಯ ಹೊತ್ತಿಗೆ ಬಹುಮಟ್ಟಿಗೆ ಮರಳಿತ್ತು. ಅಧ್ಯಯನದಲ್ಲಿದ್ದವರು ಕೇವಲ 10 ಮಂದಿ ಎಂಬುದನ್ನು ಗಮನದಲ್ಲಿಡಬೇಕು. ಆದರೂ ಆಸ್ಪತ್ರೆಯ ವಾಸ ಚಿಕ್ಕದಾಗಿದ್ದರೂ ನಿದ್ರೆಯ ರಚನೆ ಒಡೆಯುತ್ತದೆಂಬುದನ್ನು ಅದು ತೋರಿಸಿತು.

ನಿದ್ರೆಯ ರಚನೆ ಮರಳಿದರೂ ನಿದ್ರೆಯ ಅನುಭವ ಅಷ್ಟು ಬೇಗ ಸುಧಾರಿಸುವುದಿಲ್ಲ. ಸಾಮಾನ್ಯವಾಗಿ ಮೊದಲ ಆರು ವಾರಗಳು ಅತ್ಯಂತ ಕಠಿಣ. ರೋಗಿಯು ನಿದ್ರೆಗೆ ಜಾರುತ್ತಾನೆ, ಆದರೆ ಒಂದೆರಡು ಗಂಟೆಗಳಲ್ಲಿ ಎಚ್ಚರಗೊಂಡು ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಹೊರಳಾಡುತ್ತಾನೆ. ಬಹುಪಾಲು ಮಂದಿಯಲ್ಲಿ ಮೂರನೆಯ ತಿಂಗಳಿಂದ ಆರನೆಯ ತಿಂಗಳೊಳಗೆ ನಿದ್ರೆಯು ಶಸ್ತ್ರಚಿಕಿತ್ಸೆಗೆ ಮುಂಚಿನ ಸ್ಥಿತಿಗೆ, ಹಲವರಲ್ಲಿ ಅದಕ್ಕಿಂತಲೂ ಉತ್ತಮ ಸ್ಥಿತಿಗೆ ತಲುಪುತ್ತದೆ. ಎರಡೂ ಮಂಡಿಗಳನ್ನು ಒಂದೇ ಬಾರಿಗೆ ಬದಲಿಸುವುದು ಭಾರತದಲ್ಲಿ ವಿರಳವಲ್ಲ. ಅಂಥವರಿಗೆ ನೋಯದ ಮಗ್ಗುಲೆಂಬುದೇ ಇರುವುದಿಲ್ಲವಾದ್ದರಿಂದ ಮೊದಲ ವಾರಗಳು ಇನ್ನಷ್ಟು ಕಷ್ಟಕರ.

ಅಳೆಯುವ ವಿಧಾನ

ಹೆಚ್ಚಿನ ಅಧ್ಯಯನಗಳು ಪಿಟ್ಸ್‌ಬರ್ಗ್ ನಿದ್ರಾ ಗುಣಮಟ್ಟ ಸೂಚ್ಯಂಕವನ್ನು ಬಳಸುತ್ತವೆ. ಡೇನಿಯಲ್ ಬೈಸೆ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಈ ಪ್ರಶ್ನಾವಳಿಯಲ್ಲಿ ರೋಗಿ ಉತ್ತರಿಸುವ 19 ಪ್ರಶ್ನೆಗಳಿದ್ದು, ಅವುಗಳಿಂದ ಏಳು ಅಂಶಗಳನ್ನು ಲೆಕ್ಕಹಾಕಿ 0ಯಿಂದ 21ರವರೆಗೆ ಅಂಕ ನೀಡಲಾಗುತ್ತದೆ. 5ಕ್ಕಿಂತ ಹೆಚ್ಚಿನ ಅಂಕವು ಕಳಪೆ ನಿದ್ರೆಯ ಸೂಚನೆ. ಪ್ರಶ್ನಾವಳಿಯು ಕಳೆದ ಒಂದು ತಿಂಗಳ ನಿದ್ರೆಯನ್ನು ಕೇಳುವುದರಿಂದ ಶಸ್ತ್ರಚಿಕಿತ್ಸೆಯ ಮೊದಲ ವಾರದ ಸ್ಥಿತಿಯನ್ನು ಅಳೆಯಲು ಅದು ಹೊಂದುವುದಿಲ್ಲ. ಹಾಗಿದ್ದರೂ ಅದನ್ನು ಹಾಗೆ ಬಳಸಿರುವುದುಂಟು. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಚಲನಮಾಪಕಗಳೂ ಬಳಕೆಯಲ್ಲಿವೆ. ಆದರೆ ಎಚ್ಚರವಿದ್ದೂ ಅಲುಗಾಡದೆ ಮಲಗಿರುವ ರೋಗಿಯನ್ನು ಇವು ನಿದ್ರಿಸುತ್ತಿದ್ದಾನೆಂದು ಎಣಿಸಬಹುದು. ಕಾಲು ಅಲುಗಿಸಲು ಹೆದರುವ ಮಂಡಿ ರೋಗಿಗಳಲ್ಲಿ ಇದು ಸಣ್ಣ ದೋಷವಲ್ಲ. ಮಲಗಿದ ಸಮಯ, ಎಚ್ಚರಗೊಂಡ ಸಲ ಮತ್ತು ನೋವಿನ ಮಟ್ಟವನ್ನು ಬರೆದಿಡುವ ಸರಳ ನಿದ್ರಾ ದಿನಚರಿಯು ಮನೆಯಲ್ಲಿರುವವರಿಗೆ ಹೆಚ್ಚು ಉಪಯುಕ್ತ.

ಕಾರಣಗಳು

ಪ್ರಮುಖ ಕಾರಣ ನೋವು. ಶಸ್ತ್ರಚಿಕಿತ್ಸೆಯಲ್ಲಿ ತೊಡೆಮೂಳೆ ಮತ್ತು ಮೊಣಕಾಲ ಮೂಳೆಗಳ ತುದಿಗಳನ್ನು ಕತ್ತರಿಸಿ, ಸುತ್ತಲಿನ ಮೃದು ಅಂಗಾಂಶವನ್ನು ಬಿಡಿಸಲಾಗುತ್ತದೆ. ಅದರ ಉರಿಯೂತ ಮತ್ತು ಬಾವು ಹಲವು ವಾರ ಉಳಿಯುತ್ತವೆ. ಹಗಲಿನ ನಡಿಗೆ, ವ್ಯಾಯಾಮಗಳಿಂದ ಸಂಜೆಯ ಹೊತ್ತಿಗೆ ಬಾವು ಏರುತ್ತದೆ, ರಾತ್ರಿ ಬೇರೆ ಯಾವ ಗಮನಸೆಳೆತವೂ ಇಲ್ಲದಿರುವುದರಿಂದ ನೋವು ದೊಡ್ಡದಾಗಿ ತೋರುತ್ತದೆ. ನೋವು ಮತ್ತು ನಿದ್ರೆಯ ಸಂಬಂಧ ಎರಡೂ ದಿಕ್ಕಿನದು: ನಿದ್ರೆಯ ಕೊರತೆಯು ನೋವನ್ನು ತಡೆಯುವ ಮಿದುಳಿನ ಸಾಮರ್ಥ್ಯವನ್ನೇ ತಗ್ಗಿಸುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ನಿದ್ರಾಹೀನತೆ, ಆತಂಕ ಅಥವಾ ಖಿನ್ನತೆ ಇದ್ದವರಲ್ಲಿ ನಂತರದ ನೋವು ಹೆಚ್ಚು ಕಾಲ ಉಳಿಯುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಔಷಧಗಳ ಪಾತ್ರ ವಿರೋಧಾಭಾಸದಿಂದ ಕೂಡಿದೆ. ಮಾರ್ಫಿನ್, ಟ್ರಮಡಾಲ್ ಮೊದಲಾದ ಅಫೀಮು ಗುಂಪಿನ ನೋವುನಿವಾರಕಗಳು ಮಂಪರು ತರಿಸುತ್ತವೆ, ಆದರೆ ಗಾಢ ನಿದ್ರೆಯನ್ನೂ ರೆಮ್ ನಿದ್ರೆಯನ್ನೂ ಅದುಮುತ್ತವೆ. ವಾಂತಿ ಮತ್ತು ಉರಿಯೂತವನ್ನು ತಡೆಯಲು ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಒಂದೆರಡು ರಾತ್ರಿ ನಿದ್ರೆ ಕೆಡಿಸಬಲ್ಲದು. ಶಸ್ತ್ರಚಿಕಿತ್ಸೆಯ ಒತ್ತಡದಿಂದ ಏರುವ ಕಾರ್ಟಿಸಾಲ್ ಮತ್ತು ಉರಿಯೂತದ ರಾಸಾಯನಿಕಗಳೂ ಇದಕ್ಕೆ ಸೇರುತ್ತವೆ. ರಕ್ತನಷ್ಟದಿಂದ ಕಬ್ಬಿಣಾಂಶ ಕುಗ್ಗಿದವರಲ್ಲಿ ರಾತ್ರಿ ಕಾಲುಗಳನ್ನು ಆಡಿಸಲೇಬೇಕೆನಿಸುವ ‘ಚಡಪಡಿಸುವ ಕಾಲು’ಗಳ ತೊಂದರೆ ತೋರಬಹುದು. ಆಸ್ಪತ್ರೆಯ ಪರಿಸರವೂ ಅನುಕೂಲಕರವಲ್ಲ. ವಾರ್ಡುಗಳಲ್ಲಿ ರಾತ್ರಿಯ ಸದ್ದು ಸರಾಸರಿ 30 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳುತ್ತದೆ. ರಕ್ತದೊತ್ತಡ ನೋಡುವ, ಚುಚ್ಚುಮದ್ದು ಕೊಡುವ, ಟ್ರಾಲಿ ತಳ್ಳುವ ಯಾವುದೇ ವಾರ್ಡಿನಲ್ಲಿ ಅದು ಸುಲಭಸಾಧ್ಯವಲ್ಲ.

ಸ್ಥೂಲಕಾಯ ಮತ್ತು ಮಂಡಿ ಸವೆತ ಜೊತೆಜೊತೆಯಾಗಿ ಬರುವುದರಿಂದ ಮಂಡಿ ರೋಗಿಗಳಲ್ಲಿ ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಅಂದರೆ ಸ್ಲೀಪ್ ಆಪ್ನಿಯಾ, ಇರುವ ಸಾಧ್ಯತೆ ಗಣನೀಯ. ಜೋರಾದ ಗೊರಕೆ ಮತ್ತು ಹಗಲಿನ ತೂಕಡಿಕೆ ಇದರ ಲಕ್ಷಣಗಳು. ಇಂಥವರಿಗೆ ಅಫೀಮು ಗುಂಪಿನ ಔಷಧ ಅಥವಾ ನಿದ್ರೆಮಾತ್ರೆ ನೀಡಿದರೆ ಉಸಿರಾಟ ಅಪಾಯಕಾರಿಯಾಗಿ ಕುಗ್ಗಬಹುದು. ಅರಿವಳಿಕೆ ತಜ್ಞರು ಇದನ್ನು ಮುಂಚಿತವಾಗಿ ಗುರುತಿಸಲು 2008ರಲ್ಲಿ ಟೊರಾಂಟೊದಲ್ಲಿ ರೂಪುಗೊಂಡ ಎಂಟು ಪ್ರಶ್ನೆಗಳ ‘ಸ್ಟಾಪ್-ಬ್ಯಾಂಗ್’ ಪಟ್ಟಿಯನ್ನು ಬಳಸುತ್ತಾರೆ. ಗೊರಕೆಯ ವಿಷಯವನ್ನು ರೋಗಿಗಿಂತ ಮನೆಯವರೇ ಸರಿಯಾಗಿ ಬಲ್ಲರು. ಅವರನ್ನು ಕೇಳದೆ ಈ ಪಟ್ಟಿ ಪೂರ್ಣವಾಗುವುದಿಲ್ಲ.

ಗುರುವಾಯನಕೆರೆ ಪರಿಸರದಲ್ಲಿ

ಗುರುವಾಯನಕೆರೆಯು ಬೆಳ್ತಂಗಡಿ ತಾಲೂಕಿನಲ್ಲಿ, ಮಂಗಳೂರಿನಿಂದ ಚಾರ್ಮಾಡಿ ಘಾಟಿಯತ್ತ ಸಾಗುವ ಹೆದ್ದಾರಿಯಲ್ಲಿರುವ ಕೂಡುರಸ್ತೆಯ ಊರು. ವೇಣೂರು ಮತ್ತು ಉಪ್ಪಿನಂಗಡಿಯ ಕಡೆಗಿನ ರಸ್ತೆಗಳು ಇಲ್ಲಿ ಕವಲೊಡೆಯುತ್ತವೆ. ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆಯಿದೆ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿರುವುದು ಸುಮಾರು 60 ಕಿ.ಮೀ. ದೂರದ ಮಂಗಳೂರು ಮತ್ತು ಅದರಾಚೆಯ ದೇರಳಕಟ್ಟೆಯಲ್ಲಿ. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಈ ಭಾಗದ ರೋಗಿಗೆ ಮನೆಗೆ ಬಂದ ನಂತರದ ರಾತ್ರಿಯ ನೋವಿಗೆ ಸಲಹೆ ಕೇಳಲು ಶಸ್ತ್ರವೈದ್ಯರು ಹತ್ತಿರದಲ್ಲಿರುವುದಿಲ್ಲ. ಹೊಲಿಗೆ ಬಿಚ್ಚುವ ದಿನದವರೆಗೆ ಕಾಯುವುದು, ಇಲ್ಲವೇ ಔಷಧದಂಗಡಿಯಿಂದ ಮಾತ್ರೆ ತರಿಸುವುದು, ಇವೆರಡೇ ದಾರಿಗಳಂತೆ ತೋರುತ್ತವೆ. ಎರಡನೆಯದು ಅಪಾಯಕಾರಿ. ಮನೆಗೆ ಹೊರಡುವ ಮುನ್ನವೇ ರಾತ್ರಿಯ ಔಷಧದ ಸ್ಪಷ್ಟ ವೇಳಾಪಟ್ಟಿ ಮತ್ತು ಕರೆಮಾಡಬೇಕಾದ ದೂರವಾಣಿ ಸಂಖ್ಯೆಯನ್ನು ಬರೆಸಿಕೊಳ್ಳುವುದರಿಂದ ಈ ಅಂತರ ಸ್ವಲ್ಪವಾದರೂ ಕಡಿಮೆಯಾಗುತ್ತದೆ.

ತುಳುವಿನಲ್ಲಿ ‘ಮೊರಂಪು ಬೇನೆ’ ಎನಿಸುವ ಮಂಡಿನೋವು ಇಲ್ಲಿನ ದುಡಿಮೆಯ ರೀತಿಯೊಡನೆ ಹೆಣೆದುಕೊಂಡಿದೆ. ಬೆಳ್ತಂಗಡಿ, ಬಂಟ್ವಾಳ ತಾಲೂಕುಗಳ ಅನೇಕ ಮಹಿಳೆಯರು ದಶಕಗಳ ಕಾಲ ನೆಲದ ಮೇಲೆ ಕಾಲು ಮಡಿಸಿ ಕುಳಿತು ಬೀಡಿ ಕಟ್ಟಿದವರು. ಕುಕ್ಕರಗಾಲಿನಲ್ಲಿ ಅಡಿಕೆ ಹೆಕ್ಕುವುದು, ಹೊರೆ ಹೊತ್ತು ಗುಡ್ಡದ ಮೆಟ್ಟಿಲು ಏರಿಳಿಯುವುದು ತೋಟದ ಕೆಲಸದ ಭಾಗ. ದೀರ್ಘಕಾಲ ಮಂಡಿ ಮಡಿಸಿ ಅಥವಾ ಕುಕ್ಕರಿಸಿ ಮಾಡುವ ಕೆಲಸವು ಮಂಡಿ ಸವೆತದ ಅಪಾಯವನ್ನು ಹೆಚ್ಚಿಸುತ್ತದೆ. ರಬ್ಬರ್ ಹಾಲು ತೆಗೆಯುವವರು ಬೆಳಗಿನ ಜಾವಕ್ಕೆ ಮುಂಚೆಯೇ ಏಳುವುದರಿಂದ ಅವರ ನಿದ್ರೆ ಮೊದಲೇ ಮೊಟಕಾಗಿರುತ್ತದೆ. ಚೇತರಿಕೆಯ ಕಾಲದಲ್ಲೂ ಮೂರು ಗಂಟೆಗೇ ಎಚ್ಚರವಾಗುವುದು ಅವರ ಪಾಲಿಗೆ ಕಾಯಿಲೆಯ ಲಕ್ಷಣವಾಗಿರಬೇಕಿಲ್ಲ, ಹಳೆಯ ಅಭ್ಯಾಸವೂ ಆಗಿರಬಹುದು.

ಮನೆಯ ರಚನೆಯೂ ಮುಖ್ಯ. ನೆಲದ ಮೇಲೆ ಚಾಪೆ ಹಾಸಿ ಮಲಗುವ ರೂಢಿಯನ್ನು ಶಸ್ತ್ರಚಿಕಿತ್ಸೆಯ ನಂತರ ಮುಂದುವರಿಸಲಾಗದು. ನೆಲದಿಂದ ಏಳಲು ಮಂಡಿಯನ್ನು ಆಳವಾಗಿ ಮಡಿಸಬೇಕಾಗುತ್ತದೆ. ಕುಳಿತಾಗ ಪಾದಗಳು ನೆಲಕ್ಕೆ ತಾಗುವ, ಮಂಡಿಗಿಂತ ಸೊಂಟ ಸ್ವಲ್ಪ ಎತ್ತರದಲ್ಲಿರುವ ಗಟ್ಟಿ ಮಂಚ ಸೂಕ್ತ. ಜೀವನವಿಡೀ ಚಾಪೆಯಲ್ಲಿ ಮಲಗಿದ ಹಿರಿಯರಿಗೆ ಮಂಚವೇ ಕೆಲವು ದಿನ ನಿದ್ರೆ ಕೆಡಿಸುವುದರಿಂದ, ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮುಂಚಿನಿಂದಲೇ ಅದಕ್ಕೆ ಒಗ್ಗಿಕೊಳ್ಳುವುದು ಲೇಸು. ಹಳೆಯ ಮನೆಗಳಲ್ಲಿ ಶೌಚಾಲಯ ಅಂಗಳದಾಚೆ ಇರುವುದುಂಟು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿಗಟ್ಟಿದ ಕೆಂಪುಕಲ್ಲಿನ ಮೆಟ್ಟಿಲಿನ ಮೇಲೆ, ವಿದ್ಯುತ್ ಇಲ್ಲದ ರಾತ್ರಿ, ವಾಕರ್ ಹಿಡಿದು ಮೂತ್ರಕ್ಕೆ ಹೋಗುವುದು ಸಾಹಸವೇ ಸರಿ. ಬಿದ್ದರೆ ಕೃತಕ ಕೀಲಿನ ಸುತ್ತಲಿನ ಮೂಳೆ ಮುರಿಯಬಹುದು. ಅದರ ದುರಸ್ತಿ ಮೊದಲ ಶಸ್ತ್ರಚಿಕಿತ್ಸೆಗಿಂತ ಕಷ್ಟಕರ. ಮಂಚದ ಬಳಿ ಕಮೋಡ್ ಕುರ್ಚಿ, ಕೈಗೆಟುಕುವ ಟಾರ್ಚ್ ಮತ್ತು ಅದೇ ಕೋಣೆಯಲ್ಲಿ ಮಲಗುವ ಒಬ್ಬರು ಇದ್ದರೆ ಈ ಅಪಾಯ ಬಹಳಷ್ಟು ತಗ್ಗುತ್ತದೆ. ಇನ್ನೊಬ್ಬರನ್ನು ಎಬ್ಬಿಸಲು ಸಂಕೋಚಪಟ್ಟು ಒಬ್ಬರೇ ಎದ್ದು ಹೋಗುವ ಹಿರಿಯರು ಎಲ್ಲೆಡೆಯೂ ಇದ್ದಾರೆ.

ಎಲೆ-ಅಡಿಕೆಯೊಡನೆ ಹೊಗೆಸೊಪ್ಪು ಹಾಕುವ ಅಭ್ಯಾಸವನ್ನು ಕೂಡ ಇಲ್ಲಿ ಹೇಳಬೇಕು. ನಿಕೋಟಿನ್ ನಿದ್ರೆಯನ್ನು ತಡೆಯುವುದಲ್ಲದೆ ಗಾಯ ಮಾಯುವುದನ್ನೂ ನಿಧಾನಿಸುತ್ತದೆ. ಗಾಯ ಪೂರ್ಣವಾಗಿ ಮಾಯುವ ಮೊದಲು ಅದರ ಮೇಲೆ ಎಣ್ಣೆ ಹಚ್ಚಿ ತಿಕ್ಕುವುದು, ಲೇಪ ಹಾಕುವುದು ಸೋಂಕಿಗೆ ದಾರಿಯಾಗುತ್ತದೆ. ನಿದ್ರೆಗೆಂದು ಮನೆಮದ್ದು ಅಥವಾ ಅಶ್ವಗಂಧದಂತಹ ಔಷಧ ಸೇವಿಸುವವರು ಅದನ್ನು ಶಸ್ತ್ರವೈದ್ಯರಿಗೆ ತಿಳಿಸಬೇಕು. ಇದೇ ಅವಧಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳೂ ನಡೆಯುತ್ತಿರುತ್ತವೆ.

ನಿರ್ವಹಣೆ

ನಿದ್ರೆಯ ಚಿಕಿತ್ಸೆ ಮೊದಲಾಗಿ ನೋವಿನ ಚಿಕಿತ್ಸೆ. ಒಂದೇ ಪ್ರಬಲ ಔಷಧಕ್ಕೆ ಬದಲಾಗಿ ಬೇರೆ ಬೇರೆ ರೀತಿಯಲ್ಲಿ ಕೆಲಸಮಾಡುವ ಹಲವನ್ನು ಕಡಿಮೆ ಪ್ರಮಾಣದಲ್ಲಿ ಬಳಸುವ ಪದ್ಧತಿ ಈಗ ಸಾಮಾನ್ಯ. ಶಸ್ತ್ರಚಿಕಿತ್ಸೆಯ ವೇಳೆ ಬೆನ್ನುಹುರಿಯ ಅರಿವಳಿಕೆ, ಕೀಲಿನ ಸುತ್ತ ಚುಚ್ಚುವ ಮರಗಟ್ಟಿಸುವ ಔಷಧ, ತೊಡೆಯ ನರಕ್ಕೆ ಕೊಡುವ ತಡೆ. ನಂತರ ಪ್ಯಾರಸಿಟಮಾಲ್ ಮತ್ತು ಮೂತ್ರಪಿಂಡ, ಜಠರಗಳು ಸಹಿಸುವಂತಿದ್ದರೆ ಉರಿಯೂತ ನಿವಾರಕಗಳು. ಪ್ಯಾರಸಿಟಮಾಲ್ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು, ತೂಕ ಕಡಿಮೆಯಿರುವ ವೃದ್ಧರಲ್ಲಿ ಮಿತಿ ಇನ್ನೂ ಕೆಳಗೆ. ನೋವು ಬಂದ ಮೇಲೆ ನುಂಗುವುದಕ್ಕಿಂತ ನಿಗದಿತ ವೇಳೆಗೆ, ಅದರಲ್ಲಿ ಒಂದು ಪಾಲು ಮಲಗುವ ಸಮಯಕ್ಕೆ ಹೊಂದುವಂತೆ ತೆಗೆದುಕೊಳ್ಳುವುದು ಹೆಚ್ಚು ಪರಿಣಾಮಕಾರಿ. ಸಂಜೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಟ್ಟು ಕಾಲನ್ನು ಎತ್ತರಿಸಿದರೆ ಬಾವು ಇಳಿಯುತ್ತದೆ.

ಮಲಗುವ ಭಂಗಿಯ ಬಗ್ಗೆ ವ್ಯಾಪಕವಾದ ತಪ್ಪು ತಿಳಿವಳಿಕೆಗಳಿವೆ. ಮಂಡಿಯ ಕೆಳಗೆ ದಿಂಬು ಇಟ್ಟರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆದ್ದರಿಂದಲೇ ಬಹುತೇಕ ಮಂದಿ ಹಾಗೆ ಮಾಡುತ್ತಾರೆ. ರಾತ್ರಿಯಿಡೀ ಮಡಿಚಿದ ಸ್ಥಿತಿಯಲ್ಲಿ ಉಳಿದ ಕೀಲಿನ ಹಿಂಭಾಗ ಬಿಗಿದು, ಕಾಲು ಪೂರ್ಣವಾಗಿ ನೇರವಾಗದೆ ಶಾಶ್ವತ ಕುಂಟುನಡಿಗೆ ಉಳಿಯಬಹುದು. ದಿಂಬನ್ನು ಹಿಮ್ಮಡಿಯ ಕೆಳಗಿಡಬೇಕು, ಮಂಡಿ ನೇರವಾಗಿರಬೇಕು. ಮಗ್ಗುಲಾಗಿ ಮಲಗಲೇಬಾರದೆಂಬ ಭಯ ಇನ್ನೊಂದು. ಇದು ಸೊಂಟದ ಕೀಲು ಬದಲಾವಣೆಯ ನಿರ್ಬಂಧಗಳೊಡನೆ ಬೆರೆತು ಹುಟ್ಟಿದ್ದು. ಸೊಂಟದ ಕೃತಕ ಕೀಲಿಗೆ ಜಾರುವ ಅಪಾಯವಿದೆ, ಮಂಡಿಗೆ ಆ ರೀತಿಯ ಅಪಾಯ ಅತಿ ವಿರಳ. ನೋವು ಸಹಿಸುವಷ್ಟಾದ ಮೇಲೆ ಎರಡು ಕಾಲುಗಳ ನಡುವೆ ದಿಂಬಿಟ್ಟು, ಶಸ್ತ್ರಚಿಕಿತ್ಸೆಯಾಗದ ಮಗ್ಗುಲಿಗೆ ಮಲಗಲು ಸಾಮಾನ್ಯವಾಗಿ ಅನುಮತಿಯಿರುತ್ತದೆ.

ಹಗಲಿನ ನಿದ್ರೆಯನ್ನು ಅರ್ಧ ಗಂಟೆಗೆ ಮಿತಗೊಳಿಸುವುದು, ಬೆಳಗಿನ ಬಿಸಿಲಿನಲ್ಲಿ ಕೆಲಹೊತ್ತು ಕೂರುವುದು, ಮಧ್ಯಾಹ್ನದ ನಂತರ ಚಹಾ-ಕಾಫಿ ಬಿಡುವುದು, ತೀವ್ರ ವ್ಯಾಯಾಮವನ್ನು ಮಲಗುವ ಕೆಲವು ಗಂಟೆ ಮುಂಚೆಯೇ ಮುಗಿಸುವುದು ಸರಳವೆನಿಸಿದರೂ ಪ್ರಯೋಜನಕಾರಿ ಕ್ರಮಗಳು. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಅದನ್ನು ಬೆಳಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬಹುದು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಅರಿವಿನ ವರ್ತನಾ ಚಿಕಿತ್ಸೆಯನ್ನು ಆಯ್ದುಕೊಳ್ಳಬೇಕೆಂದು ಅಮೆರಿಕನ್ ವೈದ್ಯರ ಕಾಲೇಜು 2016ರಲ್ಲಿ ಶಿಫಾರಸು ಮಾಡಿದೆ. ಕನ್ನಡದಲ್ಲಿ, ಅದರಲ್ಲೂ ತಾಲೂಕು ಮಟ್ಟದಲ್ಲಿ ಇದನ್ನು ನೀಡಬಲ್ಲವರು ವಿರಳ.

ನಿದ್ರೆಮಾತ್ರೆಗಳ ಕುರಿತು ಸಾಕ್ಷ್ಯ ಮಿಶ್ರವಾಗಿದೆ. ಜೋಲ್ಪಿಡೆಮ್ ಮೊದಲ ವಾರಗಳಲ್ಲಿ ನಿದ್ರೆಯನ್ನು ಸುಧಾರಿಸಿದ ವರದಿಗಳಿವೆ. ಮೆಲಟೋನಿನ್ ಕುರಿತು 2015ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಗಮನಾರ್ಹ ಲಾಭ ಕಂಡಿಲ್ಲ. ಅಲ್ಪ್ರಜೋಲಾಮ್, ಡಯಾಜೆಪಾಮ್ ಗುಂಪಿನ ಔಷಧಗಳು ವೃದ್ಧರಲ್ಲಿ ಗೊಂದಲ, ಬೀಳುವಿಕೆ ಮತ್ತು ಅವಲಂಬನೆಗೆ ಕಾರಣವಾಗುವುದರಿಂದ ಅವುಗಳನ್ನು ಸಾಧ್ಯವಾದಷ್ಟು ತಪ್ಪಿಸಲಾಗುತ್ತದೆ. ನರನೋವಿಗೆ ಕೊಡುವ ಪ್ರಿಗ್ಯಾಬಲಿನ್ ಕೂಡ ಮಂಪರು ತರಿಸುತ್ತದೆ, ಟ್ರಮಡಾಲ್‌ನೊಡನೆ ಸೇರಿದಾಗ ಉಸಿರಾಟವನ್ನು ಕುಗ್ಗಿಸಬಲ್ಲದು. ನೆರೆಮನೆಯವರಿಗೆ ಕೊಟ್ಟ ಮಾತ್ರೆಯನ್ನು ತಂದು ನುಂಗುವುದು ಈ ಕಾರಣದಿಂದ ಪ್ರಾಣಾಪಾಯಕ್ಕೂ ತಿರುಗಬಹುದು.

ಕಡೆಗಣಿಸಬಾರದ ಲಕ್ಷಣಗಳು

ಕ್ರಮೇಣ ಕಡಿಮೆಯಾಗುತ್ತ ಸಾಗುವ ರಾತ್ರಿಯ ನೋವು ಚೇತರಿಕೆಯ ಸಹಜ ಭಾಗ. ಒಮ್ಮೆ ಕಡಿಮೆಯಾಗಿದ್ದ ನೋವು ವಿಶ್ರಾಂತಿಯಲ್ಲೂ ಮರಳಿ ಏರತೊಡಗಿದರೆ, ಜೊತೆಗೆ ಜ್ವರ, ಗಾಯದಿಂದ ಸ್ರಾವ ಅಥವಾ ಹೆಚ್ಚುತ್ತಿರುವ ಕೆಂಪು ಇದ್ದರೆ ಕೃತಕ ಕೀಲಿನ ಸೋಂಕನ್ನು ಶಂಕಿಸಬೇಕು. ಇಲ್ಲಿ ಕೆಲವು ದಿನಗಳ ವಿಳಂಬವೂ ಕೀಲನ್ನು ಉಳಿಸಿಕೊಳ್ಳುವ ಅವಕಾಶವನ್ನು ತಗ್ಗಿಸುತ್ತದೆ. ಮೀನಖಂಡದಲ್ಲಿ ಹೊಸದಾಗಿ ಕಾಣಿಸಿಕೊಂಡ ಬಿಗಿನೋವು ಮತ್ತು ಊತ ರಕ್ತ ಹೆಪ್ಪುಗಟ್ಟಿರುವುದರ ಸೂಚನೆಯಾಗಿರಬಹುದು. ಅದರೊಡನೆ ಹಠಾತ್ ಉಸಿರುಗಟ್ಟುವಿಕೆ ಅಥವಾ ಎದೆನೋವು ಬಂದರೆ ಹೆಪ್ಪು ಶ್ವಾಸಕೋಶ ತಲುಪಿರುವ ಸಾಧ್ಯತೆಯಿದ್ದು, ಬೆಳಗಾಗುವುದನ್ನು ಕಾಯದೆ 108 ಆಂಬುಲೆನ್ಸ್‌ಗೆ ಕರೆಮಾಡಬೇಕು. ರಾತ್ರಿ ಹೊತ್ತು ರೋಗಿ ಮನೆಯವರನ್ನು ಗುರುತಿಸದೆ ಅಸಂಬದ್ಧವಾಗಿ ಮಾತನಾಡುವುದು ಸನ್ನಿಯ ಲಕ್ಷಣ. ಅದನ್ನು ನಿದ್ರೆಯ ಕೊರತೆಯೆಂದು ಭಾವಿಸಿ ನಿದ್ರೆಮಾತ್ರೆ ಕೊಟ್ಟರೆ ಸ್ಥಿತಿ ಹದಗೆಡುತ್ತದೆ.

ಮಂಡಿ ಬದಲಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ದೀರ್ಘಕಾಲದ ನೋವು ಉಳಿಯುತ್ತದೆ, ಅವರ ನಿದ್ರೆಯೂ ಪೂರ್ಣವಾಗಿ ಸುಧಾರಿಸುವುದಿಲ್ಲ. ಆರು ತಿಂಗಳ ನಂತರವೂ ವಾರದಲ್ಲಿ ಹಲವು ರಾತ್ರಿ ಎಚ್ಚರವಾಗುತ್ತಿದ್ದರೆ ಕೀಲಿನ ಸಡಿಲಿಕೆ, ಸೋಂಕು, ಸೊಂಟ ಅಥವಾ ಬೆನ್ನಿನಿಂದ ಹರಡಿದ ನೋವು, ಖಿನ್ನತೆ ಮತ್ತು ಸ್ಲೀಪ್ ಆಪ್ನಿಯಾಗಳಿಗಾಗಿ ಮರುಪರೀಕ್ಷೆ ಅಗತ್ಯವಾಗುತ್ತದೆ.